ಗುದ್ದಿದಾಗ ತಪ್ಪು ಯಾರದ್ದು? ಪೆನಾಲ್ಟಿ ಕೊಡುವಾಗ ನಷ್ಟವನ್ನೂ ನೋಡಬೇಕಾ?

ಏಪೆಕ್ಸ್ ಪ್ರಿಯ
ನೇರವಾಗಿ ಕೇಳುತ್ತೇನೆ. ಫಾರ್ಮುಲಾ 1 (ಎಫ್1) ರೇಸಿನಲ್ಲಿ ಎರಡು ಕಾರು ಗುದ್ದಿಕೊಂಡಾಗ ಸ್ಟೀವರ್ಡ್‌ಗಳು (ರೇಸಿನ ತೀರ್ಪುಗಾರರು) ಚಾಲಕ ಏನು ಮಾಡಿದ ಅನ್ನೋದನ್ನು ಮಾತ್ರ ನೋಡಬೇಕಾ, ಇಲ್ಲ ಅದರಿಂದ ಎದುರಿನವನಿಗೆ ಆದ ನಷ್ಟವನ್ನೂ ಲೆಕ್ಕಕ್ಕೆ ತಗೋಬೇಕಾ?

2021ರ ಸಿಲ್ವರ್‌ಸ್ಟೋನ್ ತಗೊಳ್ಳಿ. ಮೊದಲ ಲ್ಯಾಪ್, ಕಾಪ್ಸ್ ತಿರುವು. ಹ್ಯಾಮಿಲ್ಟನ್ ಒಳಗಡೆಯಿಂದ ನುಗ್ಗಿದರು, ವರ್ಸ್ಟಾಪನ್ ಹೊರಗಡೆಯಿಂದ ತಿರುಗಿಸಿದರು. ಹ್ಯಾಮಿಲ್ಟನ್ ಕಾರಿನ ಎಡ ಮುಂದಿನ ಚಕ್ರ ವರ್ಸ್ಟಾಪನ್ ಕಾರಿನ ಬಲ ಹಿಂದಿನ ಚಕ್ರಕ್ಕೆ ತಗುಲಿತು. ವರ್ಸ್ಟಾಪನ್ ಟೈರ್ ಗೋಡೆಗೆ ಹೋಗಿ ಬಡಿದಾಗ ಬಿದ್ದ ಹೊಡೆತ 51 ಜಿ, ಅಂದರೆ ಗುರುತ್ವದ 51 ಪಟ್ಟು. ಅವರನ್ನು ಆಸ್ಪತ್ರೆಗೆ ಕರ್ಕೊಂಡು ಹೋದರು. ಹ್ಯಾಮಿಲ್ಟನ್‌ಗೆ ಸಿಕ್ಕಿದ್ದು 10 ಸೆಕೆಂಡ್ ಪೆನಾಲ್ಟಿ. ಕೊನೆಗೆ ರೇಸ್ ಗೆದ್ದಿದ್ದೂ ಅವರೇ. ಚಾಂಪಿಯನ್‌ಷಿಪ್‌ನಲ್ಲಿ ವರ್ಸ್ಟಾಪನ್‌ಗೆ ಇದ್ದ 33 ಪಾಯಿಂಟ್ ಮುನ್ನಡೆ ಒಂದೇ ದಿನದಲ್ಲಿ 8ಕ್ಕೆ ಇಳಿಯಿತು.

ನನ್ನ ಪ್ರಕಾರ ನಷ್ಟವನ್ನು ನೋಡಲೇಬಾರದು. ಒಂದೇ ತಪ್ಪಿಗೆ ಒಬ್ಬ ಗ್ರಾವೆಲ್‌ಗೆ (ಟ್ರ್ಯಾಕ್ ಪಕ್ಕದ ಜಲ್ಲಿಗೆ) ಹೋಗಿ ವಾಪಸ್ ಬರಬಹುದು, ಇನ್ನೊಬ್ಬ ಗೋಡೆಗೆ ಹೋಗಬಹುದು. ಅದು ಅದೃಷ್ಟ. ಬ್ರೇಕ್ ಹಾಕುವ ಜಾಗದಿಂದ ಏಪೆಕ್ಸ್‌ವರೆಗೆ (ತಿರುವಿನ ಒಳ ತುದಿಯವರೆಗೆ) ಅವನು ಮಾಡಿದ್ದೇನು, ಅಷ್ಟಕ್ಕೇ ಶಿಕ್ಷೆ. ಒಪ್ಪದವರು ಕಾರಣ ಹೇಳಿ. ಫ್ಯಾನ್ ಜಗಳ ಮಾತ್ರ ಬೇಡ.

ಲೇಟ್‌ಬ್ರೇಕರ್
ಒಪ್ಪಲ್ಲ. 51 ಜಿ ಅಂದರೆ ಸುಮ್ನೆ ಮಾತಲ್ಲ. ಕಾಪ್ಸ್‌ನಂಥ ತಿರುವಿನಲ್ಲಿ ನುಗ್ಗುವವನಿಗೆ ಅಲ್ಲಿ ತಗುಲಿದರೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ನುಗ್ಗಿದರೆ ಹೊಣೆ ಜಾಸ್ತಿ. ನಿಧಾನದ ಹೇರ್‌ಪಿನ್‌ನಲ್ಲಿ ತಗುಲಿಸಿದವನಿಗೂ ಇವನಿಗೂ ಒಂದೇ ಶಿಕ್ಷೆ ಅಂದರೆ ಹೇಗೆ?

ಏಪೆಕ್ಸ್ ಪ್ರಿಯ
ನೀವು ಹೇಳುತ್ತಿರುವುದು ಅಪಾಯದ ಮಾತು, ನಷ್ಟದ ಮಾತಲ್ಲ. ವೇಗದ ತಿರುವಿನಲ್ಲಿ ಅಪಾಯ ಜಾಸ್ತಿ, ಅದನ್ನು ಖಂಡಿತ ಲೆಕ್ಕ ಹಾಕಲಿ. ಆದರೆ ವರ್ಸ್ಟಾಪನ್ ಗೋಡೆ ಮುಟ್ಟದೆ ಗ್ರಾವೆಲ್‌ನಲ್ಲೇ ನಿಂತಿದ್ದರೂ ಹ್ಯಾಮಿಲ್ಟನ್ ಮಾಡಿದ ತಪ್ಪು ಅಷ್ಟೇ ಇರುತ್ತಿತ್ತು, ಅಲ್ವಾ?

ಕೆಂಪು ಬಾವುಟ
ತಪ್ಪು ಹ್ಯಾಮಿಲ್ಟನ್‌ದೇ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಅವರು ಪಕ್ಕದಲ್ಲೇ ಇದ್ದರು. ಪಕ್ಕದಲ್ಲಿ ಕಾರಿದೆ ಅಂತ ಗೊತ್ತಿದ್ದೂ ವರ್ಸ್ಟಾಪನ್ ಏನೂ ಇಲ್ಲದವರ ಹಾಗೆ ತಿರುಗಿಸಿದರು. ಇಬ್ಬರಲ್ಲಿ ಯಾರಾದರೂ ಒಬ್ಬರು ಬಿಟ್ಟುಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ವರ್ಷ ಪೂರ್ತಿ ಇದೇ ಕಥೆ.

ಸೆಕ್ಟರ್ ಮೂರು
ಕೆಂಪು ಬಾವುಟ ಅವರೇ, ಸ್ಟೀವರ್ಡ್‌ಗಳ ತೀರ್ಪಿನಲ್ಲಿ ಏನಿತ್ತು ನೋಡಿ. ಹ್ಯಾಮಿಲ್ಟನ್ ಏಪೆಕ್ಸ್ ಮುಟ್ಟದ ಲೈನಿನಲ್ಲಿದ್ದರು, ಒಳಗಡೆ ಇನ್ನೂ ಜಾಗ ಇತ್ತು, ವರ್ಸ್ಟಾಪನ್ ತಿರುಗಿಸಿದಾಗ ತಗುಲುವುದನ್ನು ತಪ್ಪಿಸಲಿಲ್ಲ. ಹಾಗಂತ ಪೂರ್ತಿ ತಪ್ಪು ಅವರದ್ದೇ ಅನ್ನಲಿಲ್ಲ, ಬಹುಪಾಲು ಅವರದ್ದು ಅಂದರು. ಆ ‘ಬಹುಪಾಲು’ ಅನ್ನುವ ಮಾತಿಗೆ ತೂಕ ಇದೆ.

ಇನ್ನೊಂದು ಸಾಕ್ಷಿ ಅದೇ ರೇಸಿನಲ್ಲಿದೆ. ಒಟ್ಟು 52 ಲ್ಯಾಪ್. 50ನೇ ಲ್ಯಾಪಿನಲ್ಲಿ ಅದೇ ಕಾಪ್ಸ್, ಅದೇ ಹ್ಯಾಮಿಲ್ಟನ್, ಈ ಸಲ ಮುಂದೆ ಇದ್ದದ್ದು ಲೆಕ್ಲೇರ್. ಎರಡು ಆನ್‌ಬೋರ್ಡ್ (ಕಾರಿನ ಮೇಲಿನ ಕ್ಯಾಮೆರಾದ) ವಿಡಿಯೋಗಳನ್ನೂ ಒಟ್ಟಿಗೆ ಇಟ್ಟು ನೋಡಿ. ಎರಡನೇ ಸಲ ಹ್ಯಾಮಿಲ್ಟನ್ ಒಳಗಿನ ಕರ್ಬ್‌ಗೆ (ಟ್ರ್ಯಾಕ್ ಅಂಚಿನ ಪಟ್ಟಿಗೆ) ಅಂಟಿಕೊಂಡ ಹಾಗೆ ಹೋಗುತ್ತಾರೆ. ಲೆಕ್ಲೇರ್ ಒಳಗಡೆ ಜಾಗ ಬಿಟ್ಟು ತಿರುಗಿಸುತ್ತಾರೆ, ಅವರ ಕಾರು ಜಾರಿ ಹೊರಗಿನ ಕರ್ಬ್ ದಾಟುತ್ತದೆ. ಓವರ್‌ಟೇಕ್ ಆಯಿತು, ಯಾರಿಗೂ ಏನೂ ಆಗಲಿಲ್ಲ. ಅಂದರೆ ಮೊದಲ ಲ್ಯಾಪಿನಲ್ಲೂ ಇಬ್ಬರಿಗೂ ಬೇರೆ ದಾರಿ ಇತ್ತು.

ಕೆಂಪು ಬಾವುಟ
ನಾನೂ ಅದನ್ನೇ ಹೇಳಿದ್ದು. ಲೆಕ್ಲೇರ್ ಜಾಗ ಬಿಟ್ಟರು, ವರ್ಸ್ಟಾಪನ್ ಬಿಡಲಿಲ್ಲ.

ಲೇಟ್‌ಬ್ರೇಕರ್
ಹ್ಯಾಮಿಲ್ಟನ್ ಲೈನ್ ಕೂಡ ಬದಲಾಗಿತ್ತು ಅಂತ ಅವರು ಅದೇ ಪ್ಯಾರಾದಲ್ಲಿ ಬರೆದಿದ್ದಾರೆ. ಅರ್ಧ ಓದಬೇಡಿ.

ಹಳೇ ವಿ10
ಈಗಿನ ಹುಡುಗರು 2021ರಿಂದಲೇ ರೇಸಿಂಗ್ ಶುರುವಾಯ್ತು ಅನ್ನುವ ಹಾಗೆ ಮಾತಾಡುತ್ತೀರಿ. ಚಾಲಕರ ನಡತೆ ಅಂದರೆ ಸುಜುಕಾದಿಂದ ಶುರು ಮಾಡಬೇಕು.

1989, ಸುಜುಕಾ. ಒಂದೇ ಟೀಮಿನ ಪ್ರೋಸ್ಟ್ ಮತ್ತು ಸೆನ್ನಾ ಕೊನೆಯ ಚಿಕೇನ್‌ನಲ್ಲಿ (ಎಡ-ಬಲ ಬಿಗಿ ತಿರುವಿನಲ್ಲಿ) ಸಿಕ್ಕಿಹಾಕಿಕೊಂಡರು. ಪ್ರೋಸ್ಟ್ ಇಳಿದು ಹೋದರು. ಸೆನ್ನಾ ಕಾರು ತಳ್ಳಿಸಿಕೊಂಡು ಮತ್ತೆ ಹೊರಟು, ಗೆದ್ದು, ಆಮೇಲೆ ಅನರ್ಹರಾದರು. ಚಾಂಪಿಯನ್‌ಷಿಪ್ ಪ್ರೋಸ್ಟ್‌ಗೆ ಹೋಯಿತು. ಮರುವರ್ಷ ಅದೇ ಸುಜುಕಾದಲ್ಲಿ ಪೋಲ್ (ಹೊರಡುವ ಸಾಲಿನ ಮೊದಲ ಜಾಗ) ಸಿಕ್ಕಿದ್ದು ಸೆನ್ನಾಗೆ, ಆದರೆ ಪೋಲ್ ಇದ್ದದ್ದು ಹಿಡಿತ ಕಡಿಮೆ ಇರುವ ಕೊಳಕು ಬದಿಯಲ್ಲಿ. ಬದಲಿಸಿ ಅಂತ ಕೇಳಿದರು, ಬದಲಿಸಲಿಲ್ಲ. ಸ್ಟಾರ್ಟ್‌ನಲ್ಲಿ ಪ್ರೋಸ್ಟ್ ಮುಂದೆ ಹೋದರು, ಸೆನ್ನಾ ಮೊದಲ ತಿರುವಿನಲ್ಲೇ ಅವರಿಗೆ ಗುದ್ದಿದರು. ಇಬ್ಬರೂ ಔಟ್, ಸೆನ್ನಾ ಚಾಂಪಿಯನ್. 1991ರಲ್ಲಿ ಸೆನ್ನಾ ತಾವೇ ಬಾಯಿಬಿಟ್ಟು ಹೇಳಿದರು, ಅದು ಬೇಕಂತಲೇ ಮಾಡಿದ್ದು ಅಂತ.

ಅಷ್ಟು ವೇಗದಲ್ಲಿ, ಹಿಂದೆ ಇಡೀ ಗ್ರಿಡ್ ಬರುತ್ತಿರುವಾಗ, ಬೇಕಂತಲೇ. ನಾನು ಸೆನ್ನಾ ಅಂದರೆ ಪ್ರಾಣ ಬಿಡುವವನು. ಆದರೂ ಅದನ್ನು ಸಮರ್ಥಿಸಲು ಬಾಯಿ ಬರುವುದಿಲ್ಲ. ಈಗಿನ ಗುದ್ದಾಟಗಳಲ್ಲಿ ಮುಕ್ಕಾಲುಪಾಲು ಅಂದಾಜು ತಪ್ಪಿ ಆಗುವಂಥವು. ಅದಕ್ಕೂ ಇದಕ್ಕೂ ತುಂಬಾ ದೂರ ಇದೆ.

ಗ್ರಾವೆಲ್
ಶುಮಾಕರ್ ಬಿಟ್ಟುಬಿಟ್ರಲ್ಲ ಸರ್. 1994 ಅಡಿಲೇಡ್. ಶುಮಾಕರ್ ಮೊದಲು ತಾವೇ ಹೋಗಿ ಗೋಡೆಗೆ ತಗುಲಿಸಿಕೊಂಡರು. ಹಿಂದೆ ಬರುತ್ತಿದ್ದ ಡೇಮನ್ ಹಿಲ್‌ಗೆ ಅದು ಕಾಣಲಿಲ್ಲ. ಮುಂದಿನ ತಿರುವಿನಲ್ಲಿ ಹಿಲ್ ಒಳಗೆ ಬಂದರು, ಶುಮಾಕರ್ ತಿರುಗಿಸಿ ಮುಚ್ಚಿದರು. ಹಿಲ್ ಕಾರಿನ ಸಸ್ಪೆನ್ಶನ್ ಬಗ್ಗಿತು. 92–91, ಒಂದೇ ಪಾಯಿಂಟ್‌ನಲ್ಲಿ ಶುಮಾಕರ್ ಚಾಂಪಿಯನ್, ಶಿಕ್ಷೆ ಏನೂ ಇಲ್ಲ. ಆ ಒಂದು ಕ್ಷಣ ಹಿಲ್ ಕಾದಿದ್ದರೆ, ಶುಮಾಕರ್ ಕಾರು ಕೆಟ್ಟಿದೆ ಅಂತ ಗೊತ್ತಾಗಿದ್ದರೆ! ಈಗಲೂ ಆ ವಿಡಿಯೋ ನೋಡಿದರೆ ಹೊಟ್ಟೆ ಉರಿಯುತ್ತದೆ.

1997ರ ಹೆರೆಜ್‌ನಲ್ಲಿ ವಿಲ್ನೇವ್ ಮೇಲೂ ಅದೇ ಆಟ ಆಡಲು ಹೋದರು, ಆದರೆ ಗ್ರಾವೆಲ್‌ಗೆ ಹೋಗಿದ್ದು ಅವರೇ. ಆಗ ಆ ವರ್ಷದ ಗೆಲುವುಗಳನ್ನೆಲ್ಲ ಕಿತ್ತುಕೊಂಡರು, ಸರಿಯಾಯ್ತು.

ಪಿಟ್‌ವಾಲ್
ಗೆಲುವು ಕಿತ್ತುಕೊಳ್ಳಲಿಲ್ಲ ಗ್ರಾವೆಲ್. ಚಾಂಪಿಯನ್‌ಷಿಪ್ ಪಟ್ಟಿಯಿಂದ ಮಾತ್ರ ತೆಗೆದರು, ಆ ವರ್ಷದ ರೇಸ್ ಗೆಲುವುಗಳು ದಾಖಲೆಯಲ್ಲಿ ಹಾಗೇ ಇವೆ. ಅವತ್ತು ರೇಸ್ ಮುಗಿದಾಗ ಸ್ಟೀವರ್ಡ್‌ಗಳು ಅದು ರೇಸಿಂಗ್ ಇನ್ಸಿಡೆಂಟ್ (ಶಿಕ್ಷೆ ಬೇಡದ ಘಟನೆ) ಅಂತಲೇ ಹೇಳಿದ್ದರು, ರೇಸಿಂಗ್‌ನ ಆಡಳಿತ ಸಂಸ್ಥೆ ಎಫ್‌ಐಎ ಆಮೇಲೆ ವಿಚಾರಣೆಗೆ ಕರೆಯಿತು.

ಅದಿರಲಿ, ನನಗೆ ಬೇಜಾರಾಗುವುದು ತೀರ್ಪಿನ ಬಗ್ಗೆ ಅಲ್ಲ, ಕೊಟ್ಟ ಶಿಕ್ಷೆ ಕೈಗೆ ಸಿಗದೆ ಜಾರಿ ಹೋಗುವ ಬಗ್ಗೆ. 2021ರ ಮೊಂಜಾ ನೆನಪಿದೆಯಲ್ಲ. ಹ್ಯಾಮಿಲ್ಟನ್ ಪಿಟ್‌ನಿಂದ ಹೊರಗೆ ಬಂದರು, ವರ್ಸ್ಟಾಪನ್ ಮೊದಲ ಚಿಕೇನ್‌ನಲ್ಲಿ ಹೊರಗಡೆಯಿಂದ ಹೋದರು. ಜಾಗ ಮುಗಿಯಿತು, ಎತ್ತರದ ಕರ್ಬ್ ಮೇಲೆ ಹತ್ತಿದ ಕಾರು ಹಾರಿ ಹ್ಯಾಮಿಲ್ಟನ್ ಕಾರಿನ ಮೇಲೆ ಕೂತಿತು. ಹಿಂದಿನ ಚಕ್ರ ಹಾಲೋ (ಚಾಲಕನ ತಲೆ ಕಾಯುವ ಚೌಕಟ್ಟು) ಮೇಲೆ ಬಂದು ನಿಂತಿತು. 2018ರಲ್ಲಿ ಹಾಲೋ ತಂದಾಗ ನೋಡಲು ಚೆನ್ನಾಗಿಲ್ಲ ಅಂತ ಎಷ್ಟು ಜನ ಕೂಗಾಡಿದ್ದರು. ಸ್ಟೀವರ್ಡ್‌ಗಳು ಬಹುಪಾಲು ತಪ್ಪು ವರ್ಸ್ಟಾಪನ್‌ದು ಅಂತ ಮುಂದಿನ ರೇಸಿಗೆ 3 ಸ್ಥಾನದ ಗ್ರಿಡ್ ಪೆನಾಲ್ಟಿ (ಹೊರಡುವಾಗ 3 ಸ್ಥಾನ ಹಿಂದೆ) ಕೊಟ್ಟರು. ಮುಂದಿನ ರೇಸ್ ಸೋಚಿ. ಅಲ್ಲಿ ರೆಡ್‌ಬುಲ್ ಹೊಸ ಇಂಜಿನ್ ಹಾಕಿತು, ಹೇಗಿದ್ದರೂ ಕೊನೆಯಿಂದಲೇ ಹೊರಡಬೇಕು. 3 ಸ್ಥಾನ ಎಲ್ಲಿ ಹೋಯಿತು? ವರ್ಸ್ಟಾಪನ್ 2ನೇ ಸ್ಥಾನದಲ್ಲಿ ಮುಗಿಸಿದರು.

2017ರ ಬಾಕು ಇನ್ನೂ ವಿಚಿತ್ರ. ಸೇಫ್ಟಿ ಕಾರ್ ಹಿಂದೆ ನಿಧಾನವಾಗಿ ಹೋಗುವಾಗ ವೆಟೆಲ್ ಪಕ್ಕಕ್ಕೆ ಬಂದು ಹ್ಯಾಮಿಲ್ಟನ್ ಕಾರಿಗೆ ಚಕ್ರ ತಗುಲಿಸಿದರು. 10 ಸೆಕೆಂಡ್ ಸ್ಟಾಪ್-ಗೋ (ಪಿಟ್‌ನಲ್ಲಿ ಅಷ್ಟು ಹೊತ್ತು ನಿಂತು ಹೊರಡಬೇಕು), ಭಾರಿ ಶಿಕ್ಷೆಯೇ. ಆದರೆ ಹ್ಯಾಮಿಲ್ಟನ್ ಕಾರಿನ ಹೆಡ್‌ರೆಸ್ಟ್ ಸಡಿಲವಾಗಿ ಅವರೂ ಪಿಟ್‌ಗೆ ಬರಬೇಕಾಯಿತು. ಕೊನೆಗೆ ವೆಟೆಲ್ 4ನೇ ಸ್ಥಾನ, ಹ್ಯಾಮಿಲ್ಟನ್ 5ನೇ ಸ್ಥಾನ.

ಲೇಟ್‌ಬ್ರೇಕರ್
ನೋಡಿ, ಪಿಟ್‌ವಾಲ್ ನನ್ನ ಮಾತನ್ನೇ ಹೇಳಿದರು. ವೇಗದ ಕಾರಿಗೆ 10 ಸೆಕೆಂಡ್ ಏನೂ ಅಲ್ಲ, ನಿಧಾನದ ಕಾರಿಗೆ ಅದೇ 10 ಸೆಕೆಂಡ್ ಇಡೀ ದಿನದ ಕೂಳು. ಏನು ನಷ್ಟ ಆಯಿತು ಅಂತ ನೋಡದೆ ಇದ್ದರೆ ಹೀಗೇ ಆಗೋದು.

ಏಪೆಕ್ಸ್ ಪ್ರಿಯ
ಇಲ್ಲ ಇಲ್ಲ. ಅದು ಶಿಕ್ಷೆಯ ಅಳತೆ ಸರಿ ಇಲ್ಲ ಅನ್ನುವುದಕ್ಕೆ ಸಾಕ್ಷಿ. ಸೆಕೆಂಡ್ ಬದಲು ಡ್ರೈವ್-ಥ್ರೂ (ನಿಲ್ಲದೆ ಪಿಟ್ ದಾರಿಯಲ್ಲಿ ಹಾದುಹೋಗುವ ಶಿಕ್ಷೆ) ಕೊಡಿ, ಅದೇ ರೇಸಿನಲ್ಲಿ ಕೊಡಿ. ಆದರೆ ಯಾವ ಶಿಕ್ಷೆ ಅಂತ ತೀರ್ಮಾನಿಸುವಾಗ ಎದುರಿನವನ ಕಾರು ಎಷ್ಟು ಚೂರಾಯಿತು ಅಂತ ಎಣಿಸಬೇಡಿ.

ಹಳದಿ ಬಾವುಟ
ಎಣಿಸಿದ ಉದಾಹರಣೆ ಇದೆ. 2012 ಸ್ಪಾ, ಗ್ರೋಜಾನ್. ಸ್ಟಾರ್ಟ್ ಆದ ಕೂಡಲೇ ಬಲಕ್ಕೆ ಸರಿದು ಹ್ಯಾಮಿಲ್ಟನ್‌ಗೆ ತಗುಲಿಸಿದರು, ಗ್ರೋಜಾನ್ ಕಾರು ಮೇಲೆದ್ದು ಅಲೊನ್ಸೊ ಕಾಕ್‌ಪಿಟ್ ಮುಂದೆಯೇ ಹಾದುಹೋಯಿತು. ಆಗ ಹಾಲೋ ಇರಲಿಲ್ಲ. ಒಂದು ರೇಸ್ ನಿಷೇಧ, 50,000 ಯೂರೋ ದಂಡ. 1994ರ ನಂತರ ರೇಸ್ ನಿಷೇಧ ಆಗಿದ್ದು ಅದೇ ಮೊದಲು. ಚಾಂಪಿಯನ್‌ಷಿಪ್‌ನಲ್ಲಿ ಮುಂದಿದ್ದವರು ಇದರಿಂದ ರೇಸಿನಿಂದ ಹೊರಬಿದ್ದರು ಅನ್ನುವುದನ್ನೂ ತೀರ್ಪಿನಲ್ಲೇ ಬರೆದಿದ್ದರು.

ಈಗ ಹೇಳಿ. ಗ್ರೋಜಾನ್ ಹೊಡೆದದ್ದು ಕೊನೆಯ ಸಾಲಿನ ಇಬ್ಬರಿಗೆ ಆಗಿದ್ದರೆ ಆ ಸಾಲು ತೀರ್ಪಿನಲ್ಲಿ ಇರುತ್ತಿತ್ತಾ? ಕೊನೆಯ ಸಾಲಿನವನಿಗೂ ಕುತ್ತಿಗೆ ಒಂದೇ ಇರೋದು.

ಏಪೆಕ್ಸ್ ಪ್ರಿಯ
ಇದು ನನಗೆ ಬೇಕಾಗಿದ್ದ ಉದಾಹರಣೆ. 2021ರ ಹೊತ್ತಿಗೆ ರೇಸ್ ಡೈರೆಕ್ಟರ್ ಆಗಿದ್ದ ಮಾಸಿ, ಪರಿಣಾಮ ನೋಡಬಾರದು ಅಂತ ಟೀಮ್‌ಗಳ ಜೊತೆ ಮಾತಾಡಿಯೇ ನಿರ್ಧಾರ ಆಗಿದೆ ಎಂದಿದ್ದರು. ಅಂದರೆ ನಡುವೆ ಎಲ್ಲೋ ದಾರಿ ಬದಲಾಗಿದೆ, ಒಳ್ಳೆಯದಕ್ಕೇ ಬದಲಾಗಿದೆ.

ಮಳೆ ಟೈರು
ನಾನು ಕಾರ್ಟಿಂಗ್‌ನಲ್ಲಿ ಮಾರ್ಷಲ್ ಕೆಲಸ ಮಾಡುತ್ತೇನೆ, ಹಾಗಾಗಿ ಒಂದು ಮಾತು. ಟಿವಿಯಲ್ಲಿ ಮೇಲಿಂದ ನೋಡಿದರೆ ಎಲ್ಲ ಗುದ್ದಾಟವೂ ಒಂದೇ ಥರ ಕಾಣುತ್ತದೆ. ತಿರುವಿನ ಪಕ್ಕದಲ್ಲಿ ನಿಂತವರು ಮೂರೇ ವಿಷಯ ನೋಡುತ್ತೇವೆ. ಒಳಗೆ ಬಂದವನ ಮುಂದಿನ ಚಕ್ರ ಲಾಕ್ ಆಗಿತ್ತಾ, ಅವನ ತಲೆ ಯಾವ ಕಡೆ ತಿರುಗಿತ್ತು, ಹೊರಗಿದ್ದವನ ಕೈ ಸ್ಟಿಯರಿಂಗ್ ಮೇಲೆ ಒಂದು ಸಲ ತಿರುಗಿತಾ ಎರಡು ಸಲ ತಿರುಗಿತಾ. ಚಕ್ರ ಲಾಕ್ ಆಗಿ ಹೊಗೆ ಬಂದರೆ ಅವನಿಗೆ ನಿಲ್ಲಿಸಲು ಆಗಲಿಲ್ಲ ಅಂತ ಅರ್ಥ, ಜಾಸ್ತಿ ಆಸೆಪಟ್ಟು ಲೇಟಾಗಿ ಬ್ರೇಕ್ ಹಾಕಿದ್ದಾನೆ. ಹೊರಗಿನವನು ತಿರುಗಿಸಿ, ಸ್ವಲ್ಪ ನೇರ ಮಾಡಿ, ಮತ್ತೆ ಜೋರಾಗಿ ತಿರುಗಿಸಿದ್ದರೆ ಪಕ್ಕದಲ್ಲಿ ಕಾರಿದೆ ಅಂತ ಅವನಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಮುಚ್ಚಿದ್ದಾನೆ. ಅದಕ್ಕೆ ನಾನು ಬಿಡುವುದಿಲ್ಲ.

ಹುಡುಗರು ಇಳಿದು ಬಂದು ಇಬ್ಬರೂ ‘ಅವನೇ ಗುದ್ದಿದ್ದು’ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಹೆಲ್ಮೆಟ್ ಒಳಗಿಂದ ಅವರಿಗೆ ಕಂಡಿದ್ದು ಅಷ್ಟೇ.

ಸೆಕ್ಟರ್ ಮೂರು
ಈ ಪೋಸ್ಟ್ ಎಲ್ಲರೂ ಎರಡು ಸಲ ಓದಿ. ಕೈ ಎರಡು ಸಲ ತಿರುಗುವ ಮಾತು ಆನ್‌ಬೋರ್ಡ್ ನೋಡುವಾಗ ತುಂಬಾ ಉಪಯೋಗಕ್ಕೆ ಬರುತ್ತದೆ.

ಪಿಟ್‌ವಾಲ್
ಎಫ್‌ಐಎ ನಿಯಮ ಇದಕ್ಕಿಂತ ಒಣ ಲೆಕ್ಕ. 2025ರಲ್ಲಿ ಅವರು ಬಹಿರಂಗ ಮಾಡಿದ ಮಾರ್ಗಸೂಚಿ ಪ್ರಕಾರ, ಒಳಗಡೆಯಿಂದ ಓವರ್‌ಟೇಕ್ ಮಾಡುವವನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಏಪೆಕ್ಸ್‌ಗೆ ಮೊದಲು ಮತ್ತು ಏಪೆಕ್ಸ್‌ನಲ್ಲಿ ಕನಿಷ್ಠ ಎದುರಿನ ಕಾರಿನ ಕನ್ನಡಿಯವರೆಗೆ ಬಂದಿರಬೇಕು. ಕಾರು ಹತೋಟಿಯಲ್ಲಿರಬೇಕು, ದಢಕ್ಕನೆ ಹಾರಿ ಬಂದಿರಬಾರದು, ಟ್ರ್ಯಾಕ್ ಒಳಗೇ ತಿರುವು ಮುಗಿಸಬೇಕು. ಹೊರಗಡೆಯಿಂದ ಹೋಗುವವನಿಗೆ ಇನ್ನೂ ಕಷ್ಟ, ಅವನ ಮುಂದಿನ ಆಕ್ಸಲ್ ಏಪೆಕ್ಸ್‌ನಲ್ಲಿ ಎದುರಿನವನ ಮುಂದಿನ ಆಕ್ಸಲ್‌ಗಿಂತ ಮುಂದೆ ಇರಬೇಕು. ಆಗ ಮಾತ್ರ ಜಾಗ ಕೇಳುವ ಹಕ್ಕು.

ಗ್ರಾವೆಲ್
ಇದೇ ನಿಯಮದಿಂದ ರೇಸಿಂಗ್ ಹಾಳಾಗಿದ್ದು ಗುರು. ‘ಏಪೆಕ್ಸ್‌ಗೆ ಯಾರು ಮೊದಲು’ ಅಂತ ಬರೆದಿಟ್ಟರೆ ಎಲ್ಲರೂ ಬ್ರೇಕ್ ಬಿಟ್ಟು ಏಪೆಕ್ಸ್‌ಗೆ ಹಾರುತ್ತಾರೆ, ಆಮೇಲೆ ತಿರುವು ಮುಗಿಯಲಿ ಬಿಡಲಿ. 2024ರ ಆಸ್ಟಿನ್ ನೋಡಿ. ನಾರಿಸ್ ಹೊರಗಡೆಯಿಂದ ಮುಂದೆ ಹೋದರು, ವರ್ಸ್ಟಾಪನ್ ತಾವೂ ಟ್ರ್ಯಾಕ್ ಬಿಟ್ಟು ಹೊರಗೆ ಹೋದರು. 5 ಸೆಕೆಂಡ್ ಬಿದ್ದಿದ್ದು ನಾರಿಸ್‌ಗೆ. ಒಂದು ವಾರ ಕಳೆದು ಮೆಕ್ಸಿಕೋದಲ್ಲಿ ವರ್ಸ್ಟಾಪನ್‌ಗೆ 10 ಮತ್ತು 10, ಒಟ್ಟು 20 ಸೆಕೆಂಡ್. ಒಂದೇ ವಾರದಲ್ಲಿ ನಿಯಮ ಬದಲಾಗಿಲ್ಲ, ಕುರ್ಚಿಯಲ್ಲಿ ಕೂತವರು ಬದಲಾಗಿದ್ದರು.

ಲೇಟ್‌ಬ್ರೇಕರ್
ಗ್ರಾವೆಲ್, ಮೆಕ್ಸಿಕೋದಲ್ಲಿ ವರ್ಸ್ಟಾಪನ್ ಮಾಡಿದ್ದು ಆಸ್ಟಿನ್‌ಗಿಂತ ಬಹಳ ಕೆಟ್ಟದ್ದು. ನಾರಿಸ್‌ರನ್ನು ಹೊರಗೆ ತಳ್ಳಿದ್ದು ಒಂದಾದರೆ, ಕೆಲವೇ ತಿರುವು ಕಳೆದು ಮತ್ತೆ ಹಾಗೇ ಮಾಡಿದ್ದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಳೇ ವಿ10
ಕಾಯಂ ಸ್ಟೀವರ್ಡ್‌ಗಳು ಬೇಕು ಅನ್ನುವುದು ಇದಕ್ಕೇ. 2010ರಿಂದ ಪ್ಯಾನೆಲ್‌ನಲ್ಲಿ ಒಬ್ಬ ಮಾಜಿ ಚಾಲಕ ಇರುತ್ತಾರೆ, ಅದು ಒಳ್ಳೆಯದಾಯಿತು. ಆದರೆ ರೇಸಿನಿಂದ ರೇಸಿಗೆ ಮುಖ ಬದಲಾದರೆ ಕಣ್ಣೂ ಬದಲಾಗುತ್ತದೆ.

ಬ್ಲೂ ಫ್ಲಾಗ್
ಮುಂದಿನವರ ಜಗಳವೇ ಆಯಿತು. ಹಿಂದಿನ ಕಾರುಗಳ ಬಗ್ಗೆ ಯಾರೂ ಮಾತಾಡಲ್ಲ. 2012 ಮಲೇಷ್ಯಾ, ನಮ್ಮ ನರೇನ್ ಕಾರ್ತಿಕೇಯನ್. ಮಳೆಯಲ್ಲಿ ಎಚ್‌ಆರ್‌ಟಿ ಥರದ ನಿಧಾನದ ಕಾರು ಓಡಿಸುವುದೇ ಸಾಹಸ. ಲ್ಯಾಪ್ ಹಾಕಿ ಮುಂದೆ ಹೋಗುತ್ತಿದ್ದ ವೆಟೆಲ್ ಬೇಗ ಅಡ್ಡ ಬಂದರು, ನರೇನ್ ರೆಕ್ಕೆ ತಗುಲಿ ವೆಟೆಲ್ ಟೈರು ಒಡೆಯಿತು. ವೆಟೆಲ್ 11ನೇ ಸ್ಥಾನ, ಪಾಯಿಂಟ್ ಇಲ್ಲ. ರೇಸ್ ಮುಗಿದ ಮೇಲೆ ನರೇನ್‌ಗೆ 20 ಸೆಕೆಂಡ್ ಪೆನಾಲ್ಟಿ. ಆಮೇಲೆ ವೆಟೆಲ್ ಆಡಿದ ಮಾತುಗಳು ಇನ್ನೂ ಕೆಟ್ಟದಾಗಿದ್ದವು. ನಾನು ಇವತ್ತಿಗೂ ಅದನ್ನು ನರೇನ್ ತಪ್ಪು ಅಂತ ಒಪ್ಪಲ್ಲ. ಪೂರ್ತಿ ಮುಂದೆ ಹೋಗುವ ಮೊದಲೇ ಲೈನ್ ಬದಲಿಸಿದವನು ತಾನೇ ಹೊಣೆ.

ಹಳದಿ ಬಾವುಟ
ಅದೇ ರೇಸಿನಲ್ಲಿ ಬಟನ್ ಕೂಡ ನರೇನ್‌ಗೆ ತಗುಲಿಸಿಕೊಂಡಿದ್ದರು. ಬಟನ್ ಯಾರನ್ನೂ ಬೈಯಲಿಲ್ಲ.

ಪಿಟ್‌ವಾಲ್
ಹಿಂದಿನ ಕಾರಿನ ವಿಷಯ ಬಂದರೆ 2018ರ ಬ್ರೆಜಿಲ್ ಮರೆಯುವ ಹಾಗಿಲ್ಲ. ಮುನ್ನಡೆಯಲ್ಲಿದ್ದ ವರ್ಸ್ಟಾಪನ್, ಒಂದು ಲ್ಯಾಪ್ ಹಿಂದಿದ್ದ ಓಕಾನ್. ಓಕಾನ್ ಹತ್ತಿರ ಹೊಸ ಟೈರು ಇತ್ತು, ಲ್ಯಾಪ್ ವಾಪಸ್ ತಗೋಳ್ಳುವ ಹಕ್ಕೂ ಇತ್ತು. ಆದರೆ ಮುನ್ನಡೆಯಲ್ಲಿರುವವನ ಜೊತೆ ತಿರುವಿನಲ್ಲಿ ಜಗಳ ಆಡುವ ಹಕ್ಕು ಇರಲಿಲ್ಲ. 10 ಸೆಕೆಂಡ್ ಸ್ಟಾಪ್-ಗೋ ಸರಿಯಾಗೇ ಕೊಟ್ಟರು. ವರ್ಸ್ಟಾಪನ್ ಗೆಲುವು ಹ್ಯಾಮಿಲ್ಟನ್ ಪಾಲಾಯಿತು. ರೇಸ್ ಮುಗಿದ ಮೇಲೆ ತೂಕ ನೋಡುವ ಕಡೆ ವರ್ಸ್ಟಾಪನ್ ಓಕಾನ್‌ರನ್ನು ತಳ್ಳಾಡಿ ಎರಡು ದಿನ ಸಾರ್ವಜನಿಕ ಸೇವೆಯ ಶಿಕ್ಷೆ ತಂದುಕೊಂಡರು.

ಎರಡು ಚಕ್ರ
ಬೈಕ್ ನೋಡುವವರು ಇಲ್ಲಿ ಯಾರೂ ಇಲ್ವಾ? 2015ರ ಸೆಪಾಂಗ್ ಮೋಟೋಜಿಪಿ ಬೈಕ್ ರೇಸ್ ಬಿಟ್ಟು ನಡತೆಯ ಚರ್ಚೆ ಹೇಗಾಗುತ್ತದೆ? ರೋಸ್ಸಿ ನಿಧಾನ ಮಾಡಿ ಮಾರ್ಕೆಸ್‌ರನ್ನು ಹೊರಗೆ ಕರ್ಕೊಂಡು ಹೋದರು, ಮಾರ್ಕೆಸ್ ಬಿದ್ದರು. ರೋಸ್ಸಿ 3ನೇ ಸ್ಥಾನ ಉಳಿಸಿಕೊಂಡರು. ಆದರೆ 3 ಪೆನಾಲ್ಟಿ ಪಾಯಿಂಟ್ ಸೇರಿ ಕೊನೆಯ ರೇಸ್ ವೇಲೆನ್ಸಿಯಾದಲ್ಲಿ ಗ್ರಿಡ್‌ನ ಕೊನೆಯಿಂದ ಹೊರಡಬೇಕಾಯಿತು. ಲೊರೆಂಜೊ 5 ಪಾಯಿಂಟ್ ಅಂತರದಲ್ಲಿ ಚಾಂಪಿಯನ್ ಆದರು. ಬೈಕಿನಲ್ಲಿ ಗುದ್ದಿದರೆ ಮೈಯೇ ನೆಲಕ್ಕೆ ಬೀಳುವುದು. ಅಲ್ಲಿ ಶಿಕ್ಷೆ ಬಿಗಿಯಾಗಿಯೇ ಇರಬೇಕು.

ಗ್ರಾವೆಲ್
ಮಾರ್ಕೆಸ್ ಅಷ್ಟು ಕೆಣಕಿದ್ದನ್ನೂ ಹೇಳಿ ಮತ್ತೆ.

ಎರಡು ಚಕ್ರ
ಕೆಣಕಿದರು, ಸರಿ. ಕೆಣಕುವುದು ಬೇರೆ, ಪಕ್ಕದವನನ್ನು ಟ್ರ್ಯಾಕ್‌ನ ಅಂಚಿಗೆ ತಳ್ಳುವುದು ಬೇರೆ.

ಕೆಂಪು ಬಾವುಟ
ಪೆನಾಲ್ಟಿ ಪಾಯಿಂಟ್ ಎಫ್1ನಲ್ಲೂ ಇದೆ, 12 ತಿಂಗಳಲ್ಲಿ 12 ಆದರೆ ಒಂದು ರೇಸ್ ಮನೆಯಲ್ಲಿ. 2014ರಿಂದ ಇದೆ, ಆದರೆ ಮೊದಲು ಸಿಕ್ಕಿಬಿದ್ದದ್ದು 2024ರಲ್ಲಿ ಮ್ಯಾಗ್ನುಸನ್. ಮೊಂಜಾದಲ್ಲಿ ಗ್ಯಾಸ್ಲಿಗೆ ತಗುಲಿಸಿದ್ದಕ್ಕೆ. ತಗುಲಿಸಿಕೊಂಡ ಗ್ಯಾಸ್ಲಿಯೇ ಇದು ದೊಡ್ಡ ವಿಷಯ ಅಲ್ಲ ಎಂದರು. ಆದರೂ ಬಾಕು ರೇಸಿನಲ್ಲಿ ಅವರ ಜಾಗಕ್ಕೆ ಬೇರ್‌ಮನ್ ಬಂದರು.

ಮಳೆ ಟೈರು
ತಗುಲಿಸಿಕೊಂಡವನು ಕ್ಷಮಿಸಿದ ಅಂತ ಶಿಕ್ಷೆ ಕಡಿಮೆ ಮಾಡಿದರೆ ಕಷ್ಟ. ನಾಳೆ ಟೀಮ್‌ಮೇಟ್‌ಗಳು, ಸ್ನೇಹಿತರು ಎಲ್ಲರೂ ಕ್ಷಮಿಸುತ್ತಾರೆ.

ಏಪೆಕ್ಸ್ ಪ್ರಿಯ
ಟೀಮ್‌ಮೇಟ್ ಅಂದಾಗ 2025ರ ಕೆನಡಾ ನೆನಪಾಯಿತು. ಕೊನೆಯ ಕೆಲವು ಲ್ಯಾಪ್ ಇರುವಾಗ ನಾರಿಸ್ ನೇರ ರಸ್ತೆಯಲ್ಲಿ ಇಲ್ಲದ ಜಾಗಕ್ಕೆ ನುಗ್ಗಿ ಪಿಯಾಸ್ಟ್ರಿ ಹಿಂದಿನ ಚಕ್ರಕ್ಕೆ ಗುದ್ದಿದರು, ತಾವೇ ಗೋಡೆಗೆ ಹೋಗಿ ನಿಂತರು. ಕಾರಿನಿಂದ ಇಳಿಯುವ ಮೊದಲೇ ರೇಡಿಯೋದಲ್ಲಿ ತಪ್ಪು ನನ್ನದು ಅಂದರು. ಪಿಯಾಸ್ಟ್ರಿಗೆ ಏನೂ ನಷ್ಟ ಆಗಲಿಲ್ಲ, 4ನೇ ಸ್ಥಾನ ಹಾಗೇ ಉಳಿಯಿತು. ಆದರೂ ನಾರಿಸ್‌ಗೆ 5 ಸೆಕೆಂಡ್ ಕೊಟ್ಟರು. ಎದುರಿನವನಿಗೆ ನಷ್ಟ ಇಲ್ಲ, ರೇಸಿನಿಂದ ಹೊರಗೆ ಹೋದವನಿಗೆ ಸೆಕೆಂಡ್‌ನಿಂದ ಏನೂ ಆಗುವುದಿಲ್ಲ, ಆದರೂ ತಪ್ಪು ತಪ್ಪೇ ಅಂತ ಬರೆದಿಟ್ಟರು. ನನಗೆ ಬೇಕಾಗಿರುವುದು ಇದೇ.

ಲೇಟ್‌ಬ್ರೇಕರ್
ಸರಿ, ಅದರ ಪಕ್ಕದಲ್ಲಿ 2024ರ ಆಸ್ಟ್ರಿಯಾ ಇಡಿ. 64ನೇ ಲ್ಯಾಪ್, ಮೂರನೇ ತಿರುವು, ವರ್ಸ್ಟಾಪನ್ ಬ್ರೇಕ್ ಹಾಕುತ್ತಾ ಎಡಕ್ಕೆ ಸರಿದು ನಾರಿಸ್‌ಗೆ ತಗುಲಿಸಿದರು, ಇಬ್ಬರ ಟೈರೂ ಒಡೆಯಿತು. ವರ್ಸ್ಟಾಪನ್‌ಗೆ 10 ಸೆಕೆಂಡ್ ಬಿದ್ದರೂ 5ನೇ ಸ್ಥಾನ ಹೋಗಲಿಲ್ಲ. ನಾರಿಸ್‌ಗೆ ಸೊನ್ನೆ. ಗೆದ್ದವರು ರಸೆಲ್. ಚಾಂಪಿಯನ್‌ಷಿಪ್ ಎದುರಾಳಿಯನ್ನು ಹೊರಗೆ ಹಾಕಿ ತಾನು 10 ಪಾಯಿಂಟ್ ತಗೊಂಡು ಹೋಗುವುದು ಲಾಭ ಅನ್ನಿಸಿದರೆ, ಚಾಲಕ ಇನ್ನೊಂದು ಸಲವೂ ಅದನ್ನೇ ಮಾಡುತ್ತಾನೆ. ನಷ್ಟ ನೋಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೆ.

ಸೆಕ್ಟರ್ ಮೂರು
ಆಸ್ಟ್ರಿಯಾದ ಆನ್‌ಬೋರ್ಡ್ ನೋಡುವವರು ಮಳೆ ಟೈರು ಹೇಳಿದ ಹಾಗೆ ಕೈ ಮೇಲೆ ಕಣ್ಣಿಡಿ. ಬ್ರೇಕ್ ಹಾಕುವ ಜಾಗಕ್ಕೆ ಬರುವಾಗ ಸ್ಟಿಯರಿಂಗ್ ಸ್ವಲ್ಪವೇ ಎಡಕ್ಕೆ ಹೋಗುತ್ತದೆ. ಅಷ್ಟು ಚಿಕ್ಕ ಚಲನೆ. ಅದು ಜಾಗ ಮುಚ್ಚಲು ಮಾಡಿದ್ದಾ, ಲೈನ್ ಸರಿ ಮಾಡಿಕೊಳ್ಳಲು ಮಾಡಿದ್ದಾ ಅನ್ನುವುದರ ಮೇಲೆ ಇಡೀ ಜಗಳ ನಿಂತಿದೆ. ನನಗೆ ಮುಚ್ಚಲು ಅಂತಲೇ ಕಾಣುತ್ತದೆ, ಯಾಕೆಂದರೆ ಅದಕ್ಕೂ ಹಿಂದಿನ ಲ್ಯಾಪ್‌ಗಳಲ್ಲಿ ನಾರಿಸ್ ಬಂದಾಗಲೂ ಅಲ್ಲೇ ಹಾಗೇ ಸರಿದಿದ್ದರು.

ಲೇಟ್‌ಬ್ರೇಕರ್
ಹಾಗಿದ್ದರೆ ಒಮ್ಮೆ ಮಾಡಿದ್ದಕ್ಕೆ 10 ಸೆಕೆಂಡ್, ಅದೇ ರೇಸಿನಲ್ಲಿ ಮತ್ತೆ ಮತ್ತೆ ಮಾಡಿದ್ದಕ್ಕೆ ಡ್ರೈವ್-ಥ್ರೂ. ಇದನ್ನಾದರೂ ಒಪ್ಪುತ್ತೀರಾ ಏಪೆಕ್ಸ್ ಪ್ರಿಯ?

ಏಪೆಕ್ಸ್ ಪ್ರಿಯ
ಅದನ್ನು ಕಣ್ಣು ಮುಚ್ಚಿ ಒಪ್ಪುತ್ತೇನೆ. ಅದು ಚಾಲಕ ಮಾಡಿದ್ದರ ಲೆಕ್ಕ.

ಕೆಂಪು ಬಾವುಟ
ಡ್ರೈವ್-ಥ್ರೂ ಕೊಡಲು ಮೊದಲ ಸಲ ಮಾಡಿದಾಗಲೇ ಯಾರಾದರೂ ಗಮನಿಸಿ ಎಚ್ಚರಿಕೆ ಕೊಟ್ಟಿರಬೇಕಲ್ಲ. ಆಸ್ಟ್ರಿಯಾದಲ್ಲಿ ನಾರಿಸ್ ರೇಡಿಯೋದಲ್ಲಿ ದೂರು ಹೇಳುತ್ತಲೇ ಇದ್ದರು. ಗುದ್ದುವವರೆಗೂ ಏನೂ ಆಗಲಿಲ್ಲ.